ಗ್ಯಾಸ್ ಅಲ್ಲ, ದಾರಿ ತಪ್ಪಿದ ಗಾಳಿ



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಇದೇ ಅಂಕಣದಲ್ಲಿ ಹಿಂದೊಮ್ಮೆ ಓಮ, ಶುಂಠಿ, ಜೀರಿಗೆ ಹಾಕಿ ಕುದಿಸಿದ ಕಷಾಯದ ಬಗ್ಗೆ ಬರೆದಿದ್ದೆ. ‘ಎದೆ ಹಿಡಿದ ಹಾಗಾದರೆ ಒಂದು ಲೋಟ ಕುಡಿಸಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ’ ಎಂದು ಧೈರ್ಯವಾಗಿ ಹೇಳಿಬಿಟ್ಟಿದ್ದೆ. ನೀವೂ ತುಂಬ ಮಂದಿ ಮೆಚ್ಚಿ ಕಾಗದ ಬರೆದಿರಿ. ಕಷಾಯದಲ್ಲಿ ತಪ್ಪೇನಿಲ್ಲ, ಅಜೀರ್ಣಕ್ಕೆ ಅದು ಒಳ್ಳೆಯದೇ. ತಪ್ಪಿದ್ದದ್ದು ನನ್ನ ಆ ಒಂದು ವಾಕ್ಯದಲ್ಲಿ. ಅದನ್ನು ನನಗೆ ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ.

ಹೋದ ವರ್ಷ ಬೈಂದೂರು ಕಡೆಯ ಅಕ್ಕನ ಮನೆಯಲ್ಲಿ ಮದುವೆ. ಬೆಂಗಳೂರಿನಲ್ಲಿ ಹೋಟೆಲಿನ ಕ್ಯಾಶಿನಲ್ಲಿ ಕೂರುವ ಹುಡುಗ ನಾಲ್ಕು ದಿನ ರಜೆ ಹಾಕಿ ಬಂದಿದ್ದ. ವಯಸ್ಸು 22. ಅಡಿಕೆ ಮರದ ಹಾಗೆ ಉದ್ದ, ಮೈಯಲ್ಲಿ ಮಾತ್ರ ಮಾಂಸವೇ ಇಲ್ಲ. ಮದುವೆಯ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದವನು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು ಬಲಗಡೆ ಎದೆ ಹಿಡಿದುಕೊಂಡ.

“ಚಿಕ್ಕೀ, ಎದಿ ಒಂದ್ ಬದಿ ಕುತ್ತಿದಂಗ್ ಆತ್. ಉಸ್ರ್ ತೆಗುಕೆ ಆತಿಲ್ಲೆ” ಅಂದ.

“ಗ್ಯಾಸ್ ಆಯ್ಕ್ ಮಗಾ. ನಿನ್ನೆ ಹೊಟ್ಟಿ ಬಿರಿಯ ಉಂಡಿದ್ಯಲೆ” ಅಂತ ನಾನೇ ಎದ್ದು ಒಳಗೆ ಹೋಗಿ ಕಷಾಯ ಕುದಿಸಿದೆ. ಅಕ್ಕ ಬೆನ್ನಿಗೆ ಎಣ್ಣೆ ತಿಕ್ಕಿದಳು. ಅವನ ಅಜ್ಜಿ, ಮದುವೆ ಮನೆಯಲ್ಲಿ ನೂರು ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದರು. ಸಂಜೆಯ ಹೊತ್ತಿಗೆ ನೋವು ಅರ್ಧಕ್ಕರ್ಧ ಇಳಿಯಿತು. ಮರುದಿನ ಇನ್ನೂ ಕಮ್ಮಿ. ನನ್ನ ಕಷಾಯದ ಬಗ್ಗೆ ನನಗೆ ಎಷ್ಟು ಹೆಮ್ಮೆ ಅಂತೀರಿ! ನೆಂಟರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮೂರನೆಯ ದಿನ ಅವನು ಬಾವಿಯಿಂದ ಎರಡು ಕೊಡ ನೀರು ಸೇದಿ ದಂಡೆಯ ಮೇಲೆ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. ಭಾವ ಕಾರು ತೆಗೆದರು. ಮರವಂತೆಯ ಹತ್ತಿರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಆ ದಾರಿಯಲ್ಲಿ ಹೋಗುವಾಗ ಯಾವತ್ತೂ ಕಿಟಕಿಗೆ ಮುಖ ಇಡುವ ನಾನು ಅಂದು ಹುಡುಗನ ಎದೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಎಡಗಡೆ ಏರಿ ಇಳಿಯುವಷ್ಟು ಬಲಗಡೆ ಏರುತ್ತಿರಲಿಲ್ಲ. ಎಷ್ಟೋ ವರ್ಷ ಮಕ್ಕಳನ್ನು ಸಾಕಿದ್ದೇನೆ, ಹೀಗೆ ನೋಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಕುಂದಾಪುರದಲ್ಲಿ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಎಡಗಡೆ ಕೇಳಿದರು, ಬಲಗಡೆ ಕೇಳಿದರು, ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಇಸಿಜಿ, ಹಿಂದೆಯೇ ಎದೆಯ ಎಕ್ಸ್‌ರೇ. ಹತ್ತು ನಿಮಿಷದಲ್ಲಿ ಉತ್ತರ ಬಂತು: “ಎದೆಗೂಡಿನಲ್ಲಿ ಗಾಳಿ ಸೇರಿದೆ. ಬಲಗಡೆ ಶ್ವಾಸಕೋಶ ಮುದುಡಿಹೋಗಿದೆ.” ಇದಕ್ಕೆ ನ್ಯೂಮೋಥೊರಾಕ್ಸ್ ಎಂದು ಹೆಸರಂತೆ. ಆಮ್ಲಜನಕ ಹಾಕಿ ಆಂಬ್ಯುಲೆನ್ಸಿನಲ್ಲಿ ಮಣಿಪಾಲಕ್ಕೆ ಕಳಿಸಿದರು.

ಎಸ್ಸೆಸ್ಸೆಲ್ಸಿ ತನಕ ಓದಿದ ನನಗೆ ಇದು ತಲೆಗೆ ಹೋಗಬೇಕಾದರೆ ಡಾಕ್ಟರ ಹತ್ತಿರ ಹತ್ತು ಸಲ ಕೇಳಬೇಕಾಯಿತು. ಕೇಳಿ ತಿಳಿದದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ಈ ಗಾಳಿ ಎಲ್ಲಿಂದ ಬಂತು?

ನಮ್ಮ ಶ್ವಾಸಕೋಶದ ಮೇಲೆ ತೆಳ್ಳಗಿನ ಒಂದು ಪೊರೆ, ಎದೆಗೂಡಿನ ಒಳಗೋಡೆಗೆ ಇನ್ನೊಂದು ಪೊರೆ. ಎರಡರ ನಡುವೆ ಒಂದಿಷ್ಟೇ ಇಷ್ಟು ದ್ರವ. ತೊಳೆದ ಎರಡು ಸ್ಟೀಲ್ ತಟ್ಟೆ ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವಲ್ಲ? ಜಾರಿಸಿದರೆ ಜಾರುತ್ತವೆ, ಎಳೆದರೆ ಬಿಡುವುದಿಲ್ಲ. ಇದೂ ಹಾಗೆಯೇ. ಶ್ವಾಸಕೋಶ ರಬ್ಬರಿನಂಥದು, ಬಿಟ್ಟರೆ ಮುದುಡಿಕೊಳ್ಳುತ್ತದೆ. ಪೊರೆಗಳ ನಡುವಿನ ಆ ಹಿಡಿತವೇ ಅದನ್ನು ಅರಳಿಸಿ ನಿಲ್ಲಿಸುತ್ತದೆ. ತಟ್ಟೆಗಳ ಸಂದಿಗೆ ಒಂದು ಕಡೆ ಗಾಳಿ ಹೊಕ್ಕರೆ ಹೇಗೆ ತಟ್ಟನೆ ಬಿಟ್ಟುಕೊಳ್ಳುತ್ತವೋ, ಹಾಗೆ ಪೊರೆಗಳ ನಡುವೆ ಗಾಳಿ ಸೇರಿದರೆ ಹಿಡಿತ ತಪ್ಪಿ ಶ್ವಾಸಕೋಶ ಕುಗ್ಗುತ್ತದೆ.

ಅಂದರೆ ನೋಡಿ, ನಾನು ‘ಗಾಳಿ’ ಅಂದದ್ದು ಸುಳ್ಳಲ್ಲ! ಆದರೆ ಅದು ಹೊಟ್ಟೆಯ ವಾಯುವಲ್ಲ, ಅಜ್ಜಿ ಹೆದರಿದ ಸೋಂಕಿನ ಗಾಳಿಯೂ ಅಲ್ಲ. ನಾವು ಉಸಿರಾಡುವ ಗಾಳಿಯೇ ಶ್ವಾಸಕೋಶದಿಂದ ಸೋರಿ ಇರಬಾರದ ಜಾಗದಲ್ಲಿ ಕೂತಿರುತ್ತದೆ. ಹೊಟ್ಟೆಗೆ ಕುಡಿಸಿದ ಕಷಾಯ ಅಲ್ಲಿಗೆ ಹೋಗುವುದೇ ಇಲ್ಲ.

ಹಾಗಾದರೆ ನೋವು ಇಳಿದದ್ದು ಹೇಗೆ? ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ತೊಂದರೆಯಲ್ಲಿ ಮೊದಲಿನ ಚುಚ್ಚುನೋವು ಎಷ್ಟೋ ಸಲ ಒಂದು ದಿನದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಗಾಳಿ ಮಾತ್ರ ಇದ್ದಲ್ಲೇ ಇರುತ್ತದೆ. ಕಷಾಯ ಕುಡಿಸಿದವರು ಕಷಾಯದಿಂದ ಅನ್ನುತ್ತಾರೆ, ಗುಳಿಗೆ ಕೊಟ್ಟವರು ಗುಳಿಗೆಯಿಂದ ಅನ್ನುತ್ತಾರೆ. ನೋವು ಹೋಯಿತು ಎಂದರೆ ರೋಗ ಹೋಯಿತು ಎಂದಲ್ಲ.

ಯಾರಿಗೆ ಬರುತ್ತದೆ?

ಉದ್ದವಾಗಿ ಸಪೂರವಾಗಿ ಇರುವ ಹರೆಯದ ಗಂಡುಮಕ್ಕಳಲ್ಲಿ ಇದು ಹೆಚ್ಚು. ಕೆಲವರ ಶ್ವಾಸಕೋಶದ ಮೇಲ್ತುದಿಯಲ್ಲಿ ಹಪ್ಪಳ ಕರಿಯುವಾಗ ಏಳುತ್ತದಲ್ಲ, ಅಂಥ ಸಣ್ಣ ಗುಳ್ಳೆಗಳಿರುತ್ತವೆ. ಅದರಲ್ಲೊಂದು ಒಡೆದರೆ ಸಾಕು. ಭಾರ ಎತ್ತಿದಾಗಲೇ ಒಡೆಯಬೇಕೆಂದಿಲ್ಲ, ಸುಮ್ಮನೆ ಕೂತಾಗಲೂ ಒಡೆಯಬಹುದು. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಎಷ್ಟೋ ಪಟ್ಟು ಹೆಚ್ಚು. ಗಾಂಜಾ ಸೇದಿದರೂ ಅಷ್ಟೆ.

ನಮ್ಮ ಹುಡುಗ ಸೇದುವುದಿಲ್ಲ ಎಂದು ಅಕ್ಕ ಡಾಕ್ಟರ ಎದುರು ಆಣೆ ಮಾಡುವುದೊಂದು ಬಾಕಿ. ಡಾಕ್ಟರು ನಗುತ್ತಾ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿ ಕೇಳಿದರು. ದಿನಕ್ಕೆ ಹತ್ತು ಸಿಗರೇಟು! ತಾಯಂದಿರೇ, ಆಸ್ಪತ್ರೆಯಲ್ಲಿ ಮಕ್ಕಳ ಪರವಾಗಿ ನಾವೇ ಉತ್ತರ ಹೇಳುವುದು ಬೇಡ. ಎರಡು ನಿಮಿಷ ಅವರನ್ನು ಡಾಕ್ಟರ ಜೊತೆ ಬಿಟ್ಟು ಹೊರಗೆ ಬನ್ನಿ.

ಶ್ವಾಸಕೋಶ ಮೊದಲೇ ಹಾಳಾದವರಿಗೂ ಇದು ಬರುತ್ತದೆ. ಅವರಿಗೆ ಅಪಾಯ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ ಕ್ಷಯ ಇದಕ್ಕೆ ಒಂದು ಮುಖ್ಯ ಕಾರಣ. ಬೀಡಿ ಸೇದಿ ದಮ್ಮು ಹಿಡಿದ ಮಾವಂದಿರು, ನಲ್ವತ್ತು ವರ್ಷ ಕಟ್ಟಿಗೆ ಒಲೆಯ ಹೊಗೆ ಕುಡಿದ ಅತ್ತೆಯಂದಿರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಅಂಥವರಿಗೆ ಇದ್ದಕ್ಕಿದ್ದಂತೆ ದಮ್ಮು ಹೆಚ್ಚಾಗಿ ಯಾವತ್ತಿನ ಪಂಪಿಗೂ ಜಗ್ಗದಿದ್ದರೆ ‘ಇದು ಅವರ ಮಾಮೂಲಿ’ ಎಂದು ಬಿಡಬೇಡಿ.

ಇನ್ನು ಪೆಟ್ಟು. ಅಡಿಕೆ, ತೆಂಗಿನ ಮರದಿಂದ ಬಿದ್ದವರು, ಮಾಡಿನ ಹಂಚು ಸರಿಮಾಡಲು ಹೋಗಿ ಜಾರಿದವರು, ಬೈಕಿನ ಹ್ಯಾಂಡಲ್ ಎದೆಗೆ ಬಡಿದವರು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿರಬಹುದು. ಕೆಲವೊಮ್ಮೆ ಎದೆ ಅಥವಾ ಕುತ್ತಿಗೆಯ ಚರ್ಮ ಒತ್ತಿದರೆ ಒಳಗೆ ಮಂಡಕ್ಕಿ ಪುಡಿಯಾದ ಹಾಗೆ ಕರಕರ ಎನ್ನುತ್ತದೆ. ಅದು ಚರ್ಮದಡಿಗೆ ಸೇರಿದ ಗಾಳಿ. ಎದೆಗೆ ಬಟ್ಟೆ ಬಿಗಿದು ಕಟ್ಟುವುದು, ಎಣ್ಣೆ ಹಚ್ಚಿ ತಿಕ್ಕುವುದು ಖಂಡಿತ ಬೇಡ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಲೂ ಬೇಡಿ, ಹಾಗೆಯೇ ಕರೆದೊಯ್ಯಿರಿ.

ಡಾಕ್ಟರು ಹೇಗೆ ಪತ್ತೆ ಹಚ್ಚುತ್ತಾರೆ?

ಮೊದಲು ಬೆರಳು. ಹಲಸಿನ ಹಣ್ಣನ್ನು ತಟ್ಟಿ ಹದ ನೋಡುವುದು ನಮಗೇನು ಹೊಸತೆ? ತುಂಬಿದ ಕೊಡದ ಸದ್ದು ಒಂದು, ಖಾಲಿ ಕೊಡದ ಸದ್ದು ಇನ್ನೊಂದು. ಎದೆಯನ್ನು ಹೀಗೆ ತಟ್ಟಿ ನೋಡುವುದನ್ನು 1761ರಲ್ಲಿ ಪುಸ್ತಕ ಬರೆದು ತಿಳಿಸಿದವರು ಆಸ್ಟ್ರಿಯ ದೇಶದ ಔವೆನ್‌ಬ್ರುಗ್ಗರ್ ಎಂಬ ಡಾಕ್ಟರು. ಅವರ ತಂದೆ ಛತ್ರ ನಡೆಸುತ್ತಿದ್ದರು. ಅಲ್ಲಿ ದ್ರಾಕ್ಷಾರಸದ ಪೀಪಾಯಿ ತಟ್ಟಿ ಎಷ್ಟಿದೆ ಎಂದು ನೋಡುವುದನ್ನು ಕಂಡೇ ಈ ಉಪಾಯ ಹೊಳೆಯಿತು ಎಂದು ಹೇಳುತ್ತಾರೆ. ಗಾಳಿ ತುಂಬಿದ ಬದಿ ಖಾಲಿ ಕೊಡದ ಹಾಗೆ ಹೆಚ್ಚು ಮೊಳಗುತ್ತದೆ.

ಆಮೇಲೆ ಕಿವಿ. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ಡಾಕ್ಟರು ಹರೆಯದ ಹೆಂಗಸಿನ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿ ಕೇಳಿದರಂತೆ. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ನಮ್ಮ ಹುಡುಗನ ಬಲಗಡೆಯಲ್ಲಿ ಉಸಿರಿನ ಸದ್ದೇ ಕ್ಷೀಣವಾಗಿತ್ತು.

ಗಾಳಿ ಸ್ವಲ್ಪವೇ ಇದ್ದರೆ ಬೆರಳು, ಕಿವಿ ಎರಡೂ ಮೋಸಹೋಗಬಹುದು. ಅದಕ್ಕೇ ಎಕ್ಸ್‌ರೇ ಬೇಕು. 1895ರಲ್ಲಿ ಜರ್ಮನಿಯ ರಾಂಟ್‌ಗೆನ್ ಇದನ್ನು ಕಂಡುಹಿಡಿದು, ಉಂಗುರ ತೊಟ್ಟ ಹೆಂಡತಿಯ ಕೈಯದೇ ಚಿತ್ರ ತೆಗೆದರು! ಎದೆಯ ಚಿತ್ರವನ್ನು ಆದಷ್ಟು ನಿಲ್ಲಿಸಿ ಇಲ್ಲವೇ ಕೂರಿಸಿ ತೆಗೆಯುತ್ತಾರೆ. ಮಲಗಿಸಿ ತೆಗೆದರೆ ಗಾಳಿ ಕಣ್ಣಿಗೆ ಬೀಳದೆ ಹೋಗಬಹುದು. ಡಾಕ್ಟರು ನನಗೂ ತೋರಿಸಿದರು. ಎಡಗಡೆ ಬೇರು ಕವಲೊಡೆದ ಹಾಗೆ ಬಿಳಿ ಗೆರೆಗಳು ಅಂಚಿನವರೆಗೂ ಇದ್ದವು. ಬಲಗಡೆ ಕೂದಲೆಳೆಯಂಥ ಒಂದು ಗೆರೆ, ಅದರಾಚೆ ಬರೀ ಕಪ್ಪು. ಆ ಗೆರೆಯೇ ಕುಗ್ಗಿದ ಶ್ವಾಸಕೋಶದ ಅಂಚು, ಆ ಕಪ್ಪೇ ದಾರಿ ತಪ್ಪಿದ ಗಾಳಿ.

ಈಗ ಎದೆಗೆ ಸ್ಕ್ಯಾನಿಂಗ್ ಮಾಡಿಯೂ ನೋಡುತ್ತಾರೆ. ಎರಡು ಪೊರೆ ಒಂದರ ಮೇಲೊಂದು ಜಾರುವುದು ಪರದೆಯ ಮೇಲೆ ಕಾಣುತ್ತದೆ. ನಡುವೆ ಗಾಳಿ ಸೇರಿದಲ್ಲಿ ಆ ಜಾರಾಟ ಕಾಣುವುದಿಲ್ಲ. ಅನುಮಾನ ಉಳಿದರೆ ಸಿ.ಟಿ. ಮಾಡಿಸುತ್ತಾರೆ.

ಎಕ್ಸ್‌ರೇ ಅಂದರೆ ಹೆದರುವವರಿಗೆ ಒಂದು ಮಾತು. ಎದೆಯ ಒಂದು ಎಕ್ಸ್‌ರೇಯ ಕಿರಣ, ನಮ್ಮ ಸುತ್ತಲಿನ ಮಣ್ಣು, ಕಲ್ಲು, ಆಕಾಶದಿಂದ ಸುಮಾರು 10 ದಿನದಲ್ಲಿ ತಾನಾಗಿಯೇ ಮೈಗೆ ತಾಗುವಷ್ಟು ಮಾತ್ರ. ಗರ್ಭಿಣಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಮೊದಲೇ ಹೇಳಿ.

ಕೊರೋನಾ ಕಾಲದಲ್ಲಿ ತಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಈಗಲೂ ಎಷ್ಟೋ ಮನೆಯಲ್ಲಿದೆ. ಅಕ್ಕನ ಮನೆಯಲ್ಲೂ ಇತ್ತು. ಮೊದಲ ದಿನ 96 ತೋರಿಸಿದ್ದನ್ನು ಕಂಡು ನಾವು ನಿಶ್ಚಿಂತರಾದೆವು. ಹರೆಯದ ಗಟ್ಟಿ ಜೀವದಲ್ಲಿ ಒಂದು ಶ್ವಾಸಕೋಶ ಕುಗ್ಗಿದರೂ ಇನ್ನೊಂದು ಸುಧಾರಿಸುತ್ತದೆ. ಅಂಕಿ ಕಡಿಮೆಯಾದರೆ ಓಡಬೇಕು, ನಿಜ. ಸರಿಯಿದೆ ಅಂತ ಮಾತ್ರ ಸುಮ್ಮನೆ ಕೂರಬಾರದು.

ಮನೆಯವರು ಹೇಳಬೇಕಾದ್ದು

ಎದೆನೋವು ಹೃದಯದ್ದೋ ಶ್ವಾಸಕೋಶದ್ದೋ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಅದಕ್ಕೇ ಇಸಿಜಿಯನ್ನೂ ಮಾಡುತ್ತಾರೆ. ನಮ್ಮ ಕೆಲಸ ಸರಿಯಾಗಿ ಹೇಳುವುದು. ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಶುರುವಾಯಿತು? ಯಾವ ಬದಿ? ದೀರ್ಘವಾಗಿ ಉಸಿರೆಳೆದರೆ ಹೆಚ್ಚಾಗುತ್ತದೆಯೇ? ಹಿಂದೆ ಕ್ಷಯ, ದಮ್ಮು ಇತ್ತೇ? ಪೆಟ್ಟು ಬಿದ್ದಿತ್ತೇ? ‘ಗ್ಯಾಸ್ ಆಗಿದೆ ಡಾಕ್ಟ್ರೇ’ ಎಂದು ರೋಗದ ಹೆಸರು ನಾವೇ ಇಟ್ಟುಕೊಂಡು ಹೋಗಬಾರದು.

ಆಮೇಲೇನು?

ನಮ್ಮ ಹುಡುಗನಿಗೆ ಪಕ್ಕೆಲುಬಿನ ಸಂದಿಯಿಂದ ಸಣ್ಣ ಕೊಳವೆ ಹಾಕಿ ಅದರ ಇನ್ನೊಂದು ತುದಿಯನ್ನು ಬಾಟಲಿಯ ನೀರಿನೊಳಗೆ ಮುಳುಗಿಸಿಟ್ಟರು. ಒಳಗಿನ ಗಾಳಿ ಗುಳುಗುಳು ಗುಳ್ಳೆಯಾಗಿ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಅಕ್ಕ ಮೂರು ದಿನ ಆ ಗುಳ್ಳೆಗಳನ್ನೇ ನೋಡುತ್ತಾ ಕೂತಿದ್ದಳು. ನಾಲ್ಕನೆಯ ದಿನ ಗುಳ್ಳೆ ನಿಂತಿತು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿತ್ತು.

ಎಲ್ಲರಿಗೂ ಕೊಳವೆ ಬೇಕೆಂದಿಲ್ಲ. ಸ್ವಲ್ಪ ಗಾಳಿಯಾದರೆ ಮೈಯೇ ಹೀರಿಕೊಳ್ಳುತ್ತದೆ, ಕೆಲವರಿಗೆ ಸೂಜಿಯಿಂದ ಎಳೆದು ತೆಗೆಯುತ್ತಾರೆ. ಆಸ್ಟ್ರೇಲಿಯ, ನ್ಯೂಜಿಲೆಂಡಿನ ಡಾಕ್ಟರುಗಳು 316 ರೋಗಿಗಳ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬೇರೆ ಕಾಯಿಲೆ ಇಲ್ಲದೆ ಮೊದಲ ಸಲ ಹೀಗಾದವರಲ್ಲಿ, ಕಾದು ನೋಡಿದ ಗುಂಪಿನ 100ಕ್ಕೆ ಸುಮಾರು 85 ಮಂದಿಗೆ ಕೊಳವೆಯೇ ಬೇಕಾಗಲಿಲ್ಲ. ಆದರೆ ಅದು ಎಕ್ಸ್‌ರೇ ಕೈಯಲ್ಲಿಟ್ಟುಕೊಂಡು ಡಾಕ್ಟರು ಕಾಯುವ ಕಾಯುವಿಕೆ. ನಾನು ಕಷಾಯದ ಪಾತ್ರೆ ಹಿಡಿದುಕೊಂಡು ಕಾದದ್ದು ಬೇರೆ.

ಇದು ಮರುಕಳಿಸಬಹುದು. ಮೊದಲ ಸಲ ಬಂದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಮತ್ತೆ ಮತ್ತೆ ಬಂದರೆ ಆಪರೇಷನ್ ಇದೆ. ಸಿಗರೇಟು ಬಿಡಲೇಬೇಕು. ಪೂರ್ತಿ ಗುಣವಾಯಿತೆಂದು ಡಾಕ್ಟರು ಹೇಳುವ ತನಕ ವಿಮಾನ ಹತ್ತಬಾರದು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಕಡಲೊಳಗೆ ಮುಳುಗುವ ಆಟ ಈಗ ಹುಡುಗರಿಗೆ ಹುಚ್ಚು. ಒಮ್ಮೆ ಹೀಗಾದವರು, ಮರುಕಳಿಸದ ಹಾಗೆ ಆಪರೇಷನ್ ಆಗಿ ತಜ್ಞರು ಒಪ್ಪದ ಹೊರತು, ಅದನ್ನು ಮರೆತುಬಿಡಬೇಕು.

ಒಬ್ಬ ಸೋದರಿಯ ಪ್ರಶ್ನೆ

ಬ್ರಹ್ಮಾವರದಿಂದ ಸೋದರಿಯೊಬ್ಬರು ಕೇಳಿದ್ದಾರೆ: ‘ನನಗೆ 36 ವರ್ಷ. ಮುಟ್ಟಾದಾಗಲೆಲ್ಲ ಬಲಗಡೆ ಎದೆ, ಭುಜ ನೋಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಆ ದಿನಗಳ ನೋವು ಎಲ್ಲರಿಗೂ ಇದ್ದದ್ದೇ ಅನ್ನುತ್ತಾರೆ. ನಿಜವೇ?’

ಸೋದರಿ, ಹೊಟ್ಟೆನೋವು, ಸೊಂಟನೋವು ಇದ್ದದ್ದೇ ಇರಬಹುದು. ಎದೆ ಹಿಡಿದು ಉಸಿರು ಕಟ್ಟುವುದು ಇದ್ದದ್ದೇ ಅಲ್ಲ. ಅಪರೂಪಕ್ಕೆ ಕೆಲವು ಹೆಂಗಸರಲ್ಲಿ ಮುಟ್ಟು ಶುರುವಾದ 3 ದಿನದ ಒಳಗೆ, ಹೆಚ್ಚಾಗಿ ಬಲಗಡೆಯೇ, ಎದೆಗೂಡಿನಲ್ಲಿ ಗಾಳಿ ಸೇರುವುದುಂಟು. ಗರ್ಭಕೋಶದ ಒಳಪದರದಂಥದು ಬೇರೆಡೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಎಂಬ ಕಾಯಿಲೆಯ ಜೊತೆ ಇದು ಕಾಣಿಸುತ್ತದೆ. ಯಾರೂ ತಾರೀಕು ಜೋಡಿಸಿ ನೋಡದ ಕಾರಣ ವರ್ಷಗಟ್ಟಲೆ ಗೊತ್ತಾಗದೆ ಉಳಿಯುವುದೂ ಇದೆ. ನಿಮ್ಮದು ಇದೇ ಎಂದು ನಾನು ಹೇಳಲಾರೆ. ಮುಟ್ಟಿನ ದಿನ, ನೋವಿನ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಈಗಲೇ ಡಾಕ್ಟರಿಗೆ ತೋರಿಸಿ. ಮತ್ತೆ ನೋವು ಬಂದರೆ ಅದು ಇರುವಾಗಲೇ ಹೋಗಿ ಎಕ್ಸ್‌ರೇ ಮಾಡಿಸಿ. ಸಂಕೋಚ ಬೇಡ, ‘ಮುಟ್ಟಾದಾಗ ಮಾತ್ರ ಬರುತ್ತದೆ’ ಎಂದು ಬಾಯಿಬಿಟ್ಟು ಹೇಳಿ.

ಕತ್ತರಿಸಿ ಅಡುಗೆಮನೆಯ ಕಪಾಟಿಗೆ ಅಂಟಿಸಿ

1. ಇದ್ದಕ್ಕಿದ್ದಂತೆ ಎದೆಯ ಒಂದೇ ಬದಿ ಚುಚ್ಚುನೋವು, ಉಸಿರೆಳೆದರೆ ಹೆಚ್ಚು, ಜೊತೆಗೆ ಏದುಸಿರು ಅಥವಾ ಒಣಕೆಮ್ಮು: ಅದೇ ದಿನ ಡಾಕ್ಟರು, ಅದೇ ದಿನ ಎಕ್ಸ್‌ರೇ. ನೋವು ಇಳಿದರೂ ಸರಿ.

2. ಎದೆ ಬಿಗಿದು ಬೆವರು, ನೋವು ಕೈಗೆ, ದವಡೆಗೆ ಹರಡುವುದು: ಹೃದಯದ್ದಿರಬಹುದು. ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆ.

3. ತುಟಿ, ಉಗುರು ನೀಲಿ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಕುತ್ತಿಗೆಯ ನರ ಉಬ್ಬುವುದು, ಪ್ರಜ್ಞೆ ಮಸುಕಾಗುವುದು: ಒಳಗೆ ಗಾಳಿ ಒತ್ತಡ ಕಟ್ಟಿ ಹೃದಯವನ್ನೇ ಅದುಮುತ್ತಿರಬಹುದು. ಇಂಥಲ್ಲಿ ಡಾಕ್ಟರು ಎಕ್ಸ್‌ರೇಗೂ ಕಾಯದೆ ಸೂಜಿ ಹಾಕಿ ಗಾಳಿ ಬಿಡುತ್ತಾರೆ. ಕೂಡಲೇ 108ಕ್ಕೆ ಫೋನ್ ಮಾಡಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಸೇವೆ ಇದೆ, ದುಡ್ಡು ಕೊಡಬೇಕಾಗಿಲ್ಲ.

4. ಕೂರಿಸಿಯೇ ಇಡಿ, ಬಲವಂತವಾಗಿ ಮಲಗಿಸಬೇಡಿ. ತಿನ್ನಲು ಕುಡಿಯಲು ಕೊಡಬೇಡಿ.

5. ಬೈಂದೂರಿನ ಆಚೆಯವರಿಗೆ ಮಣಿಪಾಲ 70 ಕಿಲೋಮೀಟರಿನಷ್ಟು ದೂರ. ಮೊದಲು ಹತ್ತಿರದ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ. ಅದು ಎಲ್ಲಿದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.

ಹಿರಿಯರು ದೃಷ್ಟಿ ತೆಗೆಯುತ್ತೇನೆ ಅಂದರೆ ಜಗಳ ಮಾಡಬೇಡಿ. ಎಕ್ಸ್‌ರೇ ತೆಗೆಸಿ ಬಂದ ಮೇಲೆ ಧಾರಾಳವಾಗಿ ತೆಗೆಯಲಿ!

ಹುಡುಗ ಈಗ ಬೆಂಗಳೂರಿನಲ್ಲಿ ಆರಾಮವಾಗಿದ್ದಾನೆ. ಸಿಗರೇಟು ಬಿಟ್ಟಿದ್ದಾನೆ, ಹಾಗಂತ ಹೇಳುತ್ತಾನೆ. ಮೊನ್ನೆ ಫೋನ್ ಮಾಡಿ, “ಚಿಕ್ಕೀ, ಹೊಟ್ಟಿ ಉಬ್ಬರ್ಸ್ತಿತ್ತ್. ನಿಮ್ ಕಷಾಯ ಹ್ಯಾಂಗ್ ಮಾಡೂದ್?” ಎಂದು ಕೇಳಿದ.

ಓಮ ಎಷ್ಟು, ಶುಂಠಿ ಎಷ್ಟು ಎಂದು ಹೇಳಲು ಬಾಯಿ ತೆರೆದವಳು ತಡೆದು, “ಅದ್ ಇರ್ಲಿ ಮಗಾ, ಮೊದ್ಲ್ ಹೇಳ್. ಎದಿ ನೋತಿತ್ತಾ? ಉಸ್ರ್ ಸಮಾ ಆತಿತ್ತಾ?” ಎಂದು ಕೇಳಿದೆ.

ಕಷಾಯದ ವಿಧಾನ ಆಮೇಲೆ ಹೇಳಿದೆ. ನೀವೂ ಇದೇ ಕ್ರಮದಲ್ಲಿ ಮಾಡಿ.